ಫ್ರಾನ್ಸ್‌ನ ಫ್ಲ್ಯಾಟು, ಚಿಕ್ಕಮಗಳೂರಿನ ವೋಟು

ಗ್ರೆನೋಬ್ಲ್‌ನಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ ಎಂದರೆ ಇಲ್ಲಿ ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು ಬರುತ್ತದೆ ಅಂತ. ಸ್ವಲ್ಪ ವಿಷಯ ಗೊತ್ತಿರುವವರಾದರೆ ಬಾಡಿಗೆದಾರರು ಹೇಗೆ, ಸರಿಯಾಗಿ ಕೊಡುತ್ತಾರಾ ಅಂತ ಕೇಳುತ್ತಾರೆ. ಈ ವರ್ಷ ಕಟ್ಟಡದ ಮಾಲೀಕರ ಮೀಟಿಂಗ್‌ನಲ್ಲಿ ಏನು ಪಾಸಾಯಿತು ಎಂದು ಇದುವರೆಗೆ ಯಾರೂ ಕೇಳಿಲ್ಲ. ನನ್ನ ಪ್ರಕಾರ ದೂರದಲ್ಲಿರುವ ಮಾಲೀಕರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಫ್ರಾನ್ಸ್‌ನಲ್ಲಿ ಕೆಲಸದಲ್ಲಿದ್ದಾಗ ಮನೆ ತಗೊಂಡು ಈಗ ಊರಿಗೆ ಬಂದವರು ನನಗೆ ಗೊತ್ತಿರುವವರಲ್ಲೇ ಕೆಲವರಿದ್ದಾರೆ. ಒಬ್ಬರು ಮೂಡಿಗೆರೆ ಕಡೆ, ಒಬ್ಬರು ಹಾಸನದಲ್ಲಿ. ಅವರು ಫೋನ್ ಮಾಡಿದಾಗ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು, ನನ್ನ ಗಂಡ ಇಬ್ಬರೂ ಅಲ್ಲಿ ಚಿಪ್ ಡಿಸೈನ್ ಕೆಲಸದಲ್ಲಿದ್ದೆವು. ಊರಿನ ಸುತ್ತ ಬೆಟ್ಟ, ಒಂದು ಕಡೆ ಬೆಲ್‌ದೋನ್, ಇನ್ನೊಂದು ಕಡೆ ಷಾರ್‌ತ್ರೂಸ್, ಮತ್ತೊಂದು ಕಡೆ ವೆರ್‌ಕೋರ್. ಮುಳ್ಳಯ್ಯನಗಿರಿ ನೋಡುತ್ತಾ ಬೆಳೆದವಳಿಗೆ ಆ ಊರು ಬೇಗ ಒಗ್ಗಿತು. 1960ರ ದಶಕದ ಕಟ್ಟಡವೊಂದರಲ್ಲಿ ಎರಡು ಬೆಡ್‌ರೂಮಿನ ಮನೆ ತಗೊಂಡೆವು. ಆಮೇಲೆ ಅಪ್ಪನ ಆರೋಗ್ಯ, ತೋಟದ ಕೆಲಸ ಎಂದು ಚಿಕ್ಕಮಗಳೂರಿಗೆ ಬಂದುಬಿಟ್ಟೆವು. ಮನೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟೆವು.

ಅಲ್ಲಿ ಇದೆಲ್ಲ ನಡೆಯುವುದು 1965ರ ಜುಲೈ 10ರ ಕಾನೂನಿನ ಮೇಲೆ. ಎಷ್ಟೋ ಸಲ ತಿದ್ದುಪಡಿ ಆಗಿದೆ, ಆದರೆ ಬುಡ ಅದೇ. ನೀವು ಫ್ಲ್ಯಾಟ್ ಕೊಂಡ ದಿನವೇ ಆ ಕಟ್ಟಡದ ಮಾಲೀಕರ ಸಂಘದ ಸದಸ್ಯರಾಗುತ್ತೀರಿ. ನನಗೆ ಬೇಡ ಎನ್ನುವ ಹಾಗಿಲ್ಲ. ಮನೆಯ ಒಳಗಿನದು ನಿಮ್ಮದು. ಚಾವಣಿ, ಹೊರಗೋಡೆ, ಮೆಟ್ಟಿಲು, ಲಿಫ್ಟ್, ಮನೆಗಳನ್ನು ಬಿಸಿಯಾಗಿಡುವ ಕೆಳಗಿನ ಬಾಯ್ಲರ್ ಇವೆಲ್ಲ ಎಲ್ಲರದು. ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದು 1,000 ಅಥವಾ 10,000ದ ಲೆಕ್ಕದಲ್ಲಿ ಕಾಗದಪತ್ರದಲ್ಲಿ ಬರೆದಿರುತ್ತದೆ. ಅದಕ್ಕೆ ತಾಂತಿಯೆಮ್ ಅನ್ನುತ್ತಾರೆ. ಖರ್ಚು ಹಂಚುವುದೂ ಅದರ ಮೇಲೆ, ವೋಟಿನ ತೂಕವೂ ಅದರ ಮೇಲೆ. 10,000ದಲ್ಲಿ 180 ನಿಮ್ಮ ಪಾಲು ಎಂದುಕೊಳ್ಳಿ, 6,00,000 ಯೂರೋ ಕೆಲಸಕ್ಕೆ ನಿಮ್ಮ ಹೆಸರಿಗೆ 10,800 ಯೂರೋ ಬರುತ್ತದೆ. ನೀವು ಅಲ್ಲಿದ್ದರೂ ಅಷ್ಟೇ, ಚಿಕ್ಕಮಗಳೂರಿನ ಜ್ಯೋತಿನಗರದಲ್ಲಿದ್ದರೂ ಅಷ್ಟೇ.

ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳುತ್ತಿದ್ದಾಗ ಅವರು ಕೇಳಿದರು, "ಅಲ್ಲಮ್ಮಾ, ದುಡ್ಡು ಕೊಟ್ಟು ತಗೊಂಡಿರೋ ಮನೆ. ಕಿಟಕಿ ಬದಲಾಯಿಸೋಕೂ ಬೇರೆಯವರನ್ನ ಕೇಳಬೇಕಾ?" "ಹೌದು ಚಿಕ್ಕಪ್ಪ, ಕಿಟಕಿ ಹೊರಗಡೆಯಿಂದ ಕಾಣುತ್ತಲ್ಲ, ಅದಕ್ಕೆ" ಎಂದೆ. ಅವರಿಗೆ ಅದು ಅತಿ ಅನ್ನಿಸಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಬೀದಿಯಲ್ಲಿ ನಿಂತು ನೋಡಿದರೆ ಆ ಕಟ್ಟಡಗಳು ಅಷ್ಟು ವರ್ಷದ ಮೇಲೂ ಒಂದೇ ಮುಖದಲ್ಲಿ ನಿಂತಿರುವುದು ಈ ನಿಯಮದಿಂದಲೇ.

ಇಲ್ಲಿ ತುಂಬಾ ಜನರಿಗೆ ಗೊಂದಲ ಆಗುವ ಒಂದು ವಿಷಯ ಇದೆ. ಬಾಡಿಗೆ ನೋಡಿಕೊಳ್ಳುವ ಏಜೆನ್ಸಿ ಬೇರೆ, ಸಿಂಡಿಕ್ ಬೇರೆ. ಏಜೆನ್ಸಿ ನಿಮ್ಮ ಕೆಲಸದವರು: ಬಾಡಿಗೆ ವಸೂಲು ಮಾಡುತ್ತಾರೆ, ರಸೀದಿ ಕೊಡುತ್ತಾರೆ, ನಲ್ಲಿ ಸೋರಿದರೆ ಪ್ಲಂಬರ್ ಕಳಿಸುತ್ತಾರೆ, ಅದಕ್ಕೆ ಬಾಡಿಗೆಯಲ್ಲಿ ಒಂದು ಪಾಲು ಹಿಡಿದುಕೊಳ್ಳುತ್ತಾರೆ. ಸಿಂಡಿಕ್ ಇಡೀ ಕಟ್ಟಡದ ವ್ಯವಸ್ಥಾಪಕರು. ಅವರನ್ನು ನೇಮಿಸುವುದು ಮಾಲೀಕರ ಸಭೆ, ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷಕ್ಕೆ. ಎರಡೂ ಕೆಲಸವನ್ನು ಒಂದೇ ಕಂಪನಿ ಮಾಡುವುದೂ ಉಂಟು. ಆಗ ಮೇಲ್ ಬಂದರೆ ಯಾವ ಟೋಪಿ ಹಾಕಿಕೊಂಡು ಬರೆದಿದ್ದಾರೆ ಎಂದು ಮೊದಲು ನೋಡಬೇಕು. ಏಜೆನ್ಸಿಗೆ ಕೊಟ್ಟಿದ್ದೇವೆ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂದು ಹೇಳುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ನಿಮ್ಮ ಮನೆಯ ಬೆಲೆಯನ್ನು, ಅದನ್ನು ಮುಂದೆ ಬಾಡಿಗೆಗೆ ಕೊಡಬಹುದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವ ಜಾಗದಲ್ಲಿ ಆ ಏಜೆನ್ಸಿ ಇರುವುದೇ ಇಲ್ಲ, ಅಲ್ಲಿ ಇರಬೇಕಾದವರು ನೀವು.

ಆ ಜಾಗ ವಾರ್ಷಿಕ ಸಭೆ. ವರ್ಷಕ್ಕೆ ಒಂದು ಸಲವಾದರೂ ಸೇರಲೇಬೇಕು. ಲೆಕ್ಕದ ವರ್ಷ ಮುಗಿದು ಆರು ತಿಂಗಳ ಒಳಗೆ ಲೆಕ್ಕ ಪಾಸಾಗಬೇಕಾದ್ದರಿಂದ ಲೆಕ್ಕವನ್ನು ಡಿಸೆಂಬರ್‌ಗೆ ಮುಗಿಸುವ ನಮ್ಮ ಕಟ್ಟಡದ ಸಭೆ ಮಾರ್ಚ್‌ನಿಂದ ಜೂನ್ ಒಳಗೆ ಬರುತ್ತದೆ. ಸಂಜೆ ಆರಕ್ಕೆ ಶುರು. ಅಲ್ಲಿ ಬೇಸಿಗೆ ಸಮಯ ನಡೆಯುತ್ತಿದ್ದರೆ ನಮಗೆ ರಾತ್ರಿ ಒಂಬತ್ತೂವರೆ. ಅದೇ ಹೊತ್ತಿಗೆ ಇಲ್ಲಿ ಹೂಮಳೆಯ ಕಾಲ, ಗುಡುಗು ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ನಾನು ವಿಡಿಯೋ ಮೀಟಿಂಗ್ ನಂಬಿಕೊಂಡು ಕೂರುವುದಿಲ್ಲ. ಅದೂ ಅಲ್ಲದೆ ವಿಡಿಯೋ ಮೂಲಕ ಸೇರಲು ಆ ಕಟ್ಟಡದ ಸಭೆ ಮೊದಲೇ ಒಪ್ಪಿರಬೇಕು.

ಸಭೆಯ ನೋಟಿಸ್ ಕಡೇ ಪಕ್ಷ 21 ದಿನ ಮುಂಚೆ ಬರಬೇಕು. ಇದು ಮೊದಲು ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತಿತ್ತು. ಅಂಚೆಯಲ್ಲಿ ಬಂದರೆ ದಿನದ ಲೆಕ್ಕ ಶುರುವಾಗುವುದು ಪೋಸ್ಟ್‌ಮ್ಯಾನ್ ಮೊದಲ ಸಲ ಬಾಗಿಲಿಗೆ ತಂದ ಮಾರನೇ ದಿನದಿಂದ. ನೀವು ಆ ವಾರ ತೋಟದಲ್ಲಿದ್ದು ಪೇಟೆ ಮನೆಗೆ ಬೀಗ ಹಾಕಿದ್ದರೆ ಅದು ನಿಮ್ಮ ಪಾಡು. 2024ರ ಏಪ್ರಿಲ್ 9ರ ಕಾನೂನು ಬಂದ ಮೇಲೆ ಎಲೆಕ್ಟ್ರಾನಿಕ್ ನೋಟಿಸ್ಸೇ ಮಾಮೂಲಾಗಿದೆ, ಅಂಚೆ ಬೇಕು ಎನ್ನುವವರು ಕೇಳಿ ಪಡೆಯಬೇಕು. ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಆದರೆ ಸಿಂಡಿಕ್ ಹತ್ತಿರ ನಿಮ್ಮ ಈಗಿನ ಮೇಲ್ ಐಡಿ ಇದೆಯಾ ಎಂದು ಇವತ್ತೇ ನೋಡಿಕೊಳ್ಳಿ. ಹಳೇ ಆಫೀಸಿನ ಐಡಿ ಕೊಟ್ಟು ಬಂದಿದ್ದರೆ ನೋಟಿಸ್ ಎಲ್ಲಿಗೋ ಹೋಗುತ್ತಿರುತ್ತದೆ, ದಿನದ ಲೆಕ್ಕ ಮಾತ್ರ ನಿಲ್ಲುವುದಿಲ್ಲ. ವಿಳಾಸ ಬದಲಾದರೆ ಬರೆದು ತಿಳಿಸುವ ಜವಾಬ್ದಾರಿ ನಮ್ಮದು.

ನೋಟಿಸ್ ಜೊತೆ ದಪ್ಪ ಕಟ್ಟು ಬರುತ್ತದೆ. ಹೋದ ವರ್ಷದ ಲೆಕ್ಕ, ಮುಂದಿನ ಬಜೆಟ್, ಸಿಂಡಿಕ್ ಒಪ್ಪಂದ, ಕೆಲಸಗಳ ಕೊಟೇಶನ್. ನಾನು ಇದನ್ನು ಎರಡು ಸಂಜೆ ಕೂತು ಓದುತ್ತೇನೆ. ಫ್ರೆಂಚ್ ಬಾರದವರು ಫೋನಿನಲ್ಲೇ ಅನುವಾದ ಮಾಡಿಕೊಂಡು ಓದಿ, ಸಾಕು. ಮೊದಲು ನೋಡಬೇಕಾದ್ದು ಪ್ರತಿ ನಿರ್ಣಯದ ಪಕ್ಕ 1965ರ ಕಾನೂನಿನ ಯಾವ ಕಲಂ ಬರೆದಿದ್ದಾರೆ ಎಂದು. ಮುಖ್ಯವಾಗಿ 24, 25. ಸಣ್ಣ ಅಂಕಿ, ಆದರೆ ಇಡೀ ವಿಷಯ ಅದರಲ್ಲಿದೆ.

24 ಎಂದರೆ ಸಭೆಗೆ ಬಂದವರು, ಪ್ರಾಕ್ಸಿ (ಅಂದರೆ ತಮ್ಮ ಪರ ವೋಟ್ ಹಾಕಲು ಇನ್ನೊಬ್ಬರಿಗೆ ಅಧಿಕಾರ) ಕೊಟ್ಟವರು, ದೂರದಿಂದ ವೋಟ್ ಕಳಿಸಿದವರು, ಇಷ್ಟರಲ್ಲಿ ಹೌದು ಎಂದವರ ಪಾಲು ಬೇಡ ಎಂದವರದಕ್ಕಿಂತ ಜಾಸ್ತಿ ಇದ್ದರೆ ಆಯಿತು. ಇಷ್ಟು ಜನ ಬರಲೇಬೇಕು ಎಂಬ ಕೋರಂ ಇಲ್ಲ. ಅರುವತ್ತು ಮಾಲೀಕರಿರುವ ಕಟ್ಟಡದಲ್ಲಿ ಹತ್ತು ಜನ ಬಂದು ಕೂತು ಬಜೆಟ್ ಪಾಸು ಮಾಡಿದರೂ ಅದು ಅರುವತ್ತು ಜನರ ಮೇಲೂ ನಡೆಯುತ್ತದೆ. ಲೆಕ್ಕ, ಬಜೆಟ್, ಮಾಮೂಲಿ ರಿಪೇರಿ ಎಲ್ಲ ಇದರಲ್ಲೇ.

25 ಹಾಗಲ್ಲ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದ ಮೇಲೆ ಯಾರೂ ಫಾರಂ ಪಕ್ಕಕ್ಕೆ ಎಸೆಯುವುದಿಲ್ಲ. ಹೊರಗೋಡೆಗೆ ಇನ್ಸುಲೇಶನ್, ಅಂದರೆ ಚಳಿ ತಡೆಯುವ ಹೊದಿಕೆ, ಹಾಕಿಸುವ ಪ್ರಸ್ತಾಪ ಬಂದಿದೆ ಎಂದುಕೊಳ್ಳಿ. ಇಂಧನ ಉಳಿಸುವ ಕೆಲಸ, 25ನೇ ಕಲಂ. ಇದು ಪಾಸಾಗಲು ಕಟ್ಟಡದ ಎಲ್ಲ ಮಾಲೀಕರ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು. ಸಭೆಯಲ್ಲಿ ಇದ್ದವರದ್ದಲ್ಲ, ಎಲ್ಲರದ್ದು. 10,000ದಲ್ಲಿ 5,001. ವೋಟ್ ಹಾಕಿದವರ ಪಾಲು 4,200, ಅಷ್ಟೂ ಜನ ಹೌದು ಎಂದಿದ್ದಾರೆ, ಒಬ್ಬರೂ ಬೇಡ ಎಂದಿಲ್ಲ. ಆದರೂ ಬಿದ್ದುಹೋಗುತ್ತದೆ. ಆದರೆ ಮೂರನೇ ಒಂದು ಭಾಗ ಸಿಕ್ಕಿರುವುದರಿಂದ ಅದೇ ಸಭೆಯಲ್ಲಿ ಕೂಡಲೇ ಎರಡನೇ ಸಲ ವೋಟ್ ಹಾಕಬಹುದು, ಈ ಸಲ 24ರ ಲೆಕ್ಕದಲ್ಲಿ. ಆಗ ಪಾಸು. ಅದೇ ವೋಟ್ ಹಾಕಿದವರ ಪಾಲು ಬರೀ 3,000 ಇದ್ದರೆ? ಎಲ್ಲರೂ ಹೌದು ಎಂದರೂ ಎರಡನೇ ವೋಟೇ ಇಲ್ಲ. ಮುಗಿಯಿತು, ಮುಂದಿನ ಸಭೆಗೆ ನೋಡಬೇಕು.

ಅಂದರೆ ವೋಟ್ ಹಾಕದೆ ಇದ್ದವರು ಬೇಡ ಎಂದ ಹಾಗೇ ಆಯಿತು. ನಿಮಗೆ ಆ ಉದ್ದೇಶ ಇರಲಿಲ್ಲ, ನೀವು ಸುಮ್ನೆ ಮೇಲ್ ತೆಗೆಯಲಿಲ್ಲ ಅಷ್ಟೇ. ನಮ್ಮ ಕಡೆ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿರುವ ತೋಟ ಗೊತ್ತಲ್ಲ, ಒಬ್ಬ ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು ಸಹಿಗೆ ಸಿಗದೆ ಇದ್ದರೆ ಊರಲ್ಲಿ ಇರುವವನು ಒಂದು ಸಾಲ ಕೂಡ ತೆಗೆಯಲಾಗದೆ ಒದ್ದಾಡುತ್ತಾನೆ. ಅಲ್ಲಿ ನಾವೇ ಆ ಸಿಗದ ತಮ್ಮ.

ಒದ್ದಾಡುವವರು ಯಾರು ಎಂದು ನನಗೆ ಗೊತ್ತು, ಅದಕ್ಕೇ ಇಷ್ಟು ಹೇಳುತ್ತಿರುವುದು. ನಮ್ಮ ಕಟ್ಟಡದ ಮೂರನೇ ಮಹಡಿಯ ಮೂಲೆಮನೆಯಲ್ಲಿ ಒಬ್ಬರು ವಯಸ್ಸಾದವರಿದ್ದಾರೆ. ಒಬ್ಬರೇ. ನಾವು ಅಲ್ಲಿದ್ದಾಗ ನನ್ನ ಮಗಳನ್ನು ಎಷ್ಟೋ ಸಂಜೆ ನೋಡಿಕೊಂಡವರು. ಅವರ ಮನೆಗೆ ಎರಡು ಕಡೆ ಹೊರಗೋಡೆ, ಒಂದು ಉತ್ತರಕ್ಕೆ. ಚಳಿಗಾಲದಲ್ಲಿ ಆ ಗೋಡೆ ಮುಟ್ಟಿದರೆ ಕೈ ಕೊರೆಯುತ್ತದೆ, ಮೂಲೆಯಲ್ಲಿ ಬೂಷ್ಟು. ಬಾಯ್ಲರ್ ಇಡೀ ಕಟ್ಟಡಕ್ಕೆ ಒಂದೇ ಆದ್ದರಿಂದ ತಮಗೆ ಬೇಕಾದಷ್ಟು ಏರಿಸಿಕೊಳ್ಳಲೂ ಆಗುವುದಿಲ್ಲ. ಆ ಗೋಡೆಗೆ ಹೊರಗಿನಿಂದ ಇನ್ಸುಲೇಶನ್ ಹಾಕದೆ ಬೇರೆ ದಾರಿ ಇಲ್ಲ. ಹೊರಗೋಡೆ ಎಲ್ಲರದು, ಅವರೊಬ್ಬರೇ ಹಾಕಿಸುವ ಹಾಗಿಲ್ಲ. ಮೊದಲ ಸಲ ಆ ಪ್ರಸ್ತಾಪ ಬಂದಾಗ ಮೂರನೇ ಒಂದು ಭಾಗ ಕೂಡ ತುಂಬಲಿಲ್ಲ. ಬಂದವರು ಹೆಚ್ಚುಕಡಿಮೆ ಎಲ್ಲರೂ ಹೌದು ಎಂದಿದ್ದರು. ಬಾರದೆ ಇದ್ದವರು ಬಾಡಿಗೆಗೆ ಕೊಟ್ಟು ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಇರುವ ಮಾಲೀಕರು.

ಮಾರನೇ ವರ್ಷಕ್ಕೆ ಸ್ವಲ್ಪ ಓಡಾಡಿದೆವು. ಮಾಲೀಕರಲ್ಲೇ ಆರಿಸಿದ ಒಂದು ಸಣ್ಣ ಕೌನ್ಸಿಲ್ ಇರುತ್ತದೆ, ಸಿಂಡಿಕ್ ಕೆಲಸದ ಮೇಲೆ ಕಣ್ಣಿಡುವುದು ಅದರ ಜವಾಬ್ದಾರಿ. ಅವರು ದೂರದ ಮಾಲೀಕರ ಪಟ್ಟಿ ಮಾಡಿದರು. ಫ್ರೆಂಚ್ ಅಷ್ಟಾಗಿ ಬಾರದವರಿಗೆ ನಾನು ಇಲ್ಲಿಂದ ಇಂಗ್ಲಿಷ್‌ನಲ್ಲಿ ಬರೆದೆ. ಕೊಟೇಶನ್‌ನಲ್ಲಿ ಏನಿದೆ, ಅವರ ಪಾಲಿಗೆ ಎಷ್ಟು ಬರುತ್ತದೆ, ಸಬ್ಸಿಡಿ ಎಷ್ಟು ಕಳೆಯಬಹುದು, ಫಾರಂ ತುಂಬುವುದು ಹೇಗೆ ಎಂದು. ಮಾಡಿ ಎಂದು ಒತ್ತಾಯ ಮಾಡಲಿಲ್ಲ. ಬೇಡ ಎನ್ನುವುದಾದರೆ ಬೇಡ ಎಂದೇ ತುಂಬಿ ಕಳಿಸಿ, ಖಾಲಿ ಮಾತ್ರ ಬಿಡಬೇಡಿ ಎಂದೆ. ಆ ಸಲ ಎರಡನೇ ವೋಟಿನಲ್ಲಿ ಪಾಸಾಯಿತು. ಅವತ್ತು ರಾತ್ರಿ ಮೂರನೇ ಮಹಡಿಯಿಂದ ಫೋನ್ ಬಂತು. ಅಷ್ಟು ಸಂತೋಷ ನನಗೆ ಆ ಮನೆಯ ಬಾಡಿಗೆಯಿಂದ ಒಂದು ದಿನವೂ ಆಗಿಲ್ಲ.

ಸಬ್ಸಿಡಿ ವಿಷಯ ಹೇಳಬೇಕು. ಗ್ರೆನೋಬ್ಲ್ ಮಹಾನಗರದ ಆಡಳಿತ 2010ರಿಂದ ಮ್ಯೂರ್‌ಮ್ಯೂರ್ ಎಂಬ ಯೋಜನೆ ನಡೆಸುತ್ತಿದೆ, ಹಳೇ ಅಪಾರ್ಟ್‌ಮೆಂಟ್‌ಗಳ ಗೋಡೆ, ಚಾವಣಿಗೆ ಇನ್ಸುಲೇಶನ್ ಮಾಡಿಸಲು. ಎರಡನೇ ಮಹಾಯುದ್ಧದ ನಂತರ 1975ರ ಒಳಗೆ ಕಟ್ಟಿದ ಕಟ್ಟಡಗಳೇ ಅದರ ಮೊದಲ ಗುರಿ, ಯಾಕೆಂದರೆ ಆಗ ಗೋಡೆಗೆ ಇನ್ಸುಲೇಶನ್ ಹಾಕಲೇಬೇಕೆಂಬ ನಿಯಮ ಇರಲಿಲ್ಲ. ಇದರ ಮೇಲೆ ಮನೆಯ ಇಂಧನ ಉಳಿಸುವ ಕೆಲಸಗಳಿಗೆ ಸರ್ಕಾರ ಕೊಡುವ ಮಾಪ್ರಿಮ್‌ರೆನೋವ್ ಎಂಬ ಸಬ್ಸಿಡಿ ಇದೆ. ಅದರ ಅಪಾರ್ಟ್‌ಮೆಂಟ್ ಭಾಗದಲ್ಲಿ ಹಣ ಸಿಗುವುದು ಸಂಘಕ್ಕೆ, ಕೆಲಸದಿಂದ ಇಂಧನ ಬಳಕೆ ಶೇಕಡಾ 35 ಆದರೂ ಇಳಿಯಬೇಕು ಎಂಬ ಷರತ್ತಿದೆ. ಹಣ ಸಂಘಕ್ಕೆ ಬರುವುದರಿಂದ ಅಲ್ಲಿ ವಾಸ ಇಲ್ಲದ ನಮ್ಮ ಪಾಲಿನ ಖರ್ಚೂ ಕಡಿಮೆಯಾಗುತ್ತದೆ.

ಮನಸ್ಸಿಗೆ ಇದು ಮುಟ್ಟದಿದ್ದರೆ ಜೇಬಿನ ಲೆಕ್ಕ ಕೇಳಿ. ಫ್ರಾನ್ಸ್‌ನಲ್ಲಿ ಪ್ರತಿ ಮನೆಗೂ ಇಂಧನದ ದರ್ಜೆ ಇರುತ್ತದೆ, ಎ ಇಂದ ಜಿ ತನಕ, ಎ ಎಲ್ಲಕ್ಕಿಂತ ಒಳ್ಳೆಯದು, ಜಿ ಎಲ್ಲಕ್ಕಿಂತ ಕೆಟ್ಟದು. 2025ರ ಜನವರಿ 1ರಿಂದ ಜಿ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವ ಹಾಗಿಲ್ಲ. 2028ರಿಂದ ಎಫ್. 2034ರಿಂದ ಇ. ಎಫ್ ಮತ್ತು ಜಿ ಮನೆಗಳ ಬಾಡಿಗೆಯನ್ನು 2022ರ ಆಗಸ್ಟ್‌ನಿಂದ ಏರಿಸುವ ಹಾಗೂ ಇಲ್ಲ. ಒಳಗೆ ನೀವು ಎಷ್ಟು ಒಳ್ಳೇ ಕಿಟಕಿ ಹಾಕಿಸಿದರೂ ಗೋಡೆ, ಚಾವಣಿ, ಬಾಯ್ಲರ್ ಹಳೆಯದಾದರೆ ದರ್ಜೆ ಒಂದು ಮಟ್ಟದ ಮೇಲೆ ಏರುವುದು ಕಷ್ಟ. ಅದಕ್ಕೆ ಸಭೆಯೇ ಗತಿ. ಇನ್ನೊಂದು ಮಾತು, ಮನೆಯ ದರ್ಜೆ ಸರಿಮಾಡಿಸಿ ಎಂದು ಬಾಡಿಗೆದಾರರು ಕೋರ್ಟಿಗೆ ಹೋದಾಗ, ನಾನು ಸಭೆಯ ಮುಂದೆ ಪ್ರಸ್ತಾಪ ಇಟ್ಟಿದ್ದೆ, ಮನೆಯೊಳಗೆ ಮಾಡಬೇಕಾದ್ದನ್ನು ಮಾಡಿದ್ದೇನೆ, ಆದರೂ ಕಟ್ಟಡದ ಕೆಲಸ ಆಗಲಿಲ್ಲ ಎಂದು ತೋರಿಸಿದರೆ ಆ ಕೆಲಸ ಮಾಡಿಸು ಎಂದು ನ್ಯಾಯಾಧೀಶರು ನಿಮಗೆ ಆದೇಶ ಕೊಡುವ ಹಾಗಿಲ್ಲ. ಕಾನೂನಿನಲ್ಲೇ ಇದೆ. ಅಂದರೆ ನಿಮ್ಮ ಪ್ರಸ್ತಾಪದ ಪತ್ರ, ವೋಟಿನ ಫಾರಂ, ಸಭೆಯ ನಡಾವಳಿ ಇವುಗಳ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಈಗ ವೋಟ್ ಹಾಕುವುದು ಹೇಗೆ. ಎರಡು ದಾರಿ. ಒಂದು, ನೋಟಿಸ್ ಜೊತೆ ಬರುವ ದೂರದ ವೋಟಿನ ಫಾರಂ. ಪ್ರತಿ ನಿರ್ಣಯದ ಮುಂದೆ ಹೌದು, ಬೇಡ, ತಟಸ್ಥ. ಸಭೆಗೆ ಪೂರ್ತಿ ಮೂರು ದಿನ ಮುಂಚೆ ಸಿಂಡಿಕ್‌ಗೆ ತಲುಪಬೇಕು. ಮೇಲ್‌ನಲ್ಲಿ ಕಳಿಸಬಹುದು. ನಾನು ಒಂದು ವಾರ ಮುಂಚೆಯೇ ಕಳಿಸಿ, ತಲುಪಿತು ಎಂದು ಉತ್ತರ ಬರುವ ತನಕ ಬಿಡುವುದಿಲ್ಲ. ಇದರಲ್ಲಿ ಒಂದು ತೊಡಕಿದೆ. ಸಭೆಯಲ್ಲಿ ಆ ನಿರ್ಣಯದ ಮಾತು ತಿದ್ದಿದರೆ, ಉದಾಹರಣೆಗೆ ಕೆಲಸದ ಮೊತ್ತ ಬದಲಾಯಿಸಿದರೆ, ನೀವು ಕಳಿಸಿದ ಹೌದು ಲೆಕ್ಕಕ್ಕೆ ಬರುವುದಿಲ್ಲ. ಆ ನಿರ್ಣಯದ ಮಟ್ಟಿಗೆ ನೀವು ಗೈರು. ದೊಡ್ಡ ಕೆಲಸದ ನಿರ್ಣಯಗಳು ಸಭೆಯಲ್ಲಿ ತಿದ್ದುಪಡಿ ಆಗುವುದು ಸಾಮಾನ್ಯ, ಅದಕ್ಕೇ ಅಂಥ ವರ್ಷ ನಾನು ಎರಡನೇ ದಾರಿ ಹಿಡಿಯುತ್ತೇನೆ.

ಅದು ಪ್ರಾಕ್ಸಿ. ಸಭೆಗೆ ಹೋಗುವ ನಂಬಿಕೆಯ ಒಬ್ಬರ ಹೆಸರಿಗೆ ಬರೆದುಕೊಡುವುದು. ಒಬ್ಬರು ಮೂರು ಪ್ರಾಕ್ಸಿ ತನಕ ಇಟ್ಟುಕೊಳ್ಳಬಹುದು. ಅವರದ್ದೂ ಸೇರಿ ಒಟ್ಟು ವೋಟು ಕಟ್ಟಡದ ಶೇಕಡಾ 10 ದಾಟದಿದ್ದರೆ ಮೂರಕ್ಕಿಂತ ಜಾಸ್ತಿಯೂ ಆಗಬಹುದು. ಸಿಂಡಿಕ್‌ಗೆ, ಅವರ ಮನೆಯವರಿಗೆ, ಅವರ ಕೆಲಸದವರಿಗೆ ಪ್ರಾಕ್ಸಿ ಕೊಡುವ ಹಾಗಿಲ್ಲ, ಇದು ಒಳ್ಳೆಯ ನಿಯಮ. ಹೆಸರು ಬರೆಯದೆ ಖಾಲಿ ಕಳಿಸಿದರೆ ಸಿಂಡಿಕ್ ಅದನ್ನು ತಾವೇ ಯಾರಿಗೋ ಹಂಚುವಂತಿಲ್ಲ, ಕೌನ್ಸಿಲ್ ಅಧ್ಯಕ್ಷರಿಗೆ ಕೊಡಬೇಕು. ನಾನು ಖಾಲಿ ಕಳಿಸುವುದಿಲ್ಲ. ಮೂರನೇ ಮಹಡಿಯವರ ಹೆಸರು ಬರೆದು, ಯಾವ ನಿರ್ಣಯಕ್ಕೆ ಏನು ಹೇಳಬೇಕು ಎಂದು ಬೇರೆ ಹಾಳೆಯಲ್ಲಿ ಬರೆದು ಕಳಿಸುತ್ತೇನೆ. ಅವರು ಹಾಗೇ ಹೇಳುತ್ತಾರೆ. ಮೊತ್ತ ಬದಲಾದರೆ ಎಷ್ಟರ ತನಕ ಹೌದು ಎನ್ನಬಹುದು ಎಂದೂ ಬರೆದಿರುತ್ತೇನೆ.

ಸಭೆಯಲ್ಲಿ ಏನು ಚರ್ಚೆ ಆಗಬೇಕು ಎಂದು ಹೇಳುವ ಹಕ್ಕೂ ನಿಮಗಿದೆ. ಎಷ್ಟೋ ಜನ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ. ಯಾವ ಮಾಲೀಕರಾದರೂ ಯಾವಾಗ ಬೇಕಾದರೂ ಸಿಂಡಿಕ್‌ಗೆ ಬರೆದು ಮುಂದಿನ ಸಭೆಯ ಕಾರ್ಯಸೂಚಿಗೆ ವಿಷಯ ಸೇರಿಸಲು ಕೇಳಬಹುದು, ಸೇರಿಸಲೇಬೇಕು. ನಮ್ಮ ಹಳೇ ಸಿಂಡಿಕ್ ಕಂಪನಿ ಮೇಲ್‌ಗೆ ತಿಂಗಳುಗಟ್ಟಲೆ ಉತ್ತರ ಕೊಡುತ್ತಿರಲಿಲ್ಲ. ಬಾಯ್ಲರ್ ಗುತ್ತಿಗೆ ಮುಗಿದರೂ ಹೊಸ ಕೊಟೇಶನ್ ತರಿಸಿರಲಿಲ್ಲ. ಸುಮ್ನೆ ಬೈದುಕೊಂಡು ಕೂತರೆ ಏನೂ ಆಗುವುದಿಲ್ಲ. ಕೌನ್ಸಿಲ್‌ನವರು ಬೇರೆ ಎರಡು ಕಂಪನಿಗಳಿಂದ ಒಪ್ಪಂದದ ಕರಡು ತರಿಸಿ, ಅದನ್ನು ಲಗತ್ತಿಸಿ ಕಾರ್ಯಸೂಚಿಗೆ ಹಾಕಿಸಿದರು. ಸಿಂಡಿಕ್ ಒಪ್ಪಂದಕ್ಕೆ ಸರ್ಕಾರವೇ 2015ರಲ್ಲಿ ಒಂದು ನಮೂನೆ ಗೊತ್ತು ಮಾಡಿದೆ, ಎಲ್ಲರೂ ಅದರಲ್ಲೇ ಕೊಡಬೇಕು, ಆದ್ದರಿಂದ ಎರಡನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಬಹುದು. ವರ್ಷದ ಶುಲ್ಕ ಮಾತ್ರ ನೋಡಬೇಡಿ, ಅದರ ಹೊರಗೆ ಪ್ರತ್ಯೇಕ ಚಾರ್ಜ್ ಮಾಡುವ ಪಟ್ಟಿ ನೋಡಿ: ವಿಶೇಷ ಸಭೆ, ನೋಟಿಸ್ ಪತ್ರ, ಗಂಟೆಯ ದರ. ಸಿಂಡಿಕ್ ಬದಲಾವಣೆಯೂ 25ನೇ ಕಲಮಿನ ವೋಟು. ದೂರದಿಂದ ಬಂದ ಫಾರಂಗಳು ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಸಭೆ ಮುಗಿದು ಒಂದು ತಿಂಗಳ ಒಳಗೆ ನಡಾವಳಿ ಬರುತ್ತದೆ. ವಿರೋಧ ವೋಟ್ ಹಾಕಿದವರು ಅಥವಾ ಗೈರಾದವರು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಎರಡು ತಿಂಗಳ ಗಡುವು. ಹೌದು ಎಂದವರಿಗೆ ಆ ಹಕ್ಕಿಲ್ಲ. ಎರಡು ತಿಂಗಳು ಕಳೆದರೆ ನಿರ್ಣಯ ಗಟ್ಟಿ. ಆಮೇಲೆ ನನಗೆ ಗೊತ್ತಿರಲಿಲ್ಲ ಎನ್ನುವ ಮಾತು ಯಾರೂ ಕೇಳುವುದಿಲ್ಲ.

ದುಡ್ಡು. ಬಜೆಟ್ ಪಾಸಾದ ಮೇಲೆ ಅದನ್ನು ನಾಲ್ಕು ಕಂತು ಮಾಡಿ ಪ್ರತಿ ಮೂರು ತಿಂಗಳ ಮೊದಲ ದಿನ ಕೇಳುತ್ತಾರೆ. ಒಂದು ಕಂತು ತಪ್ಪಿ, ನೋಟಿಸ್ ಬಂದು 30 ದಿನ ಕಳೆದರೆ ಆ ವರ್ಷದ ಉಳಿದ ಕಂತುಗಳನ್ನೂ ಒಟ್ಟಿಗೆ ಕೇಳಬಹುದು, ನೋಟಿಸಿನ ಖರ್ಚೂ ನಿಮ್ಮ ತಲೆಗೆ. ಹಾಗಾಗಿ ಅಲ್ಲಿನ ಯೂರೋ ಖಾತೆಯನ್ನು ದಯವಿಟ್ಟು ಮುಚ್ಚಬೇಡಿ. ಬಾಡಿಗೆ ಅದಕ್ಕೇ ಬರಲಿ, ಕಂತು ಅದರಿಂದಲೇ ತಾನಾಗಿ ಹೋಗಲಿ. ಬ್ಯಾಂಕಿನವರು ವಾಸದ ದೇಶ, ಪ್ಯಾನ್ ನಂಬರ್ ಕೇಳಿ ಪತ್ರ ಕಳಿಸುತ್ತಾರೆ, ಕೂಡಲೇ ತುಂಬಿ ಕಳಿಸಿ. ಬಜೆಟ್ ಜೊತೆಗೆ ಕಾಮಗಾರಿ ನಿಧಿ ಎಂದು ಇನ್ನೊಂದು ಇರುತ್ತದೆ, ವರ್ಷಕ್ಕೆ ಬಜೆಟ್‌ನ ಶೇಕಡಾ 5 ಆದರೂ ಕಟ್ಟಬೇಕು. 15 ವರ್ಷಕ್ಕಿಂತ ಹಳೇ ಕಟ್ಟಡಗಳಿಗೆ ಈಗ ಹತ್ತು ವರ್ಷದ ಕಾಮಗಾರಿ ಯೋಜನೆಯ ಕರಡು ಕಡ್ಡಾಯ, 50 ಅಥವಾ ಕಡಿಮೆ ಮನೆಗಳಿರುವ ಕಡೆಗೂ 2025ರಿಂದ ಬಂದಿದೆ. ಆ ಕರಡನ್ನು ತರಿಸಿಕೊಂಡು ಓದಿ. ಮುಂದೆ ಯಾವ ವರ್ಷ ದೊಡ್ಡ ಖರ್ಚು ಬರುತ್ತದೆ ಎಂದು ಅದರಲ್ಲೇ ಗೊತ್ತಾಗುತ್ತದೆ, ಮಗಳ ಕಾಲೇಜು ಫೀಸಿನ ಜೊತೆ ಅದನ್ನೂ ಕೂರಿಸಿ ಯೋಚನೆ ಮಾಡಬಹುದು.

ಕಟ್ಟಿದ್ದರಲ್ಲಿ ಬಿಸಿ, ನೀರು, ಮೆಟ್ಟಿಲು ಗುಡಿಸುವುದು, ಲಿಫ್ಟಿನ ಮಾಮೂಲಿ ನಿರ್ವಹಣೆ ಇವನ್ನು ಬಾಡಿಗೆದಾರರಿಂದ ಪಡೆಯಬಹುದು. ಸಿಂಡಿಕ್ ಶುಲ್ಕ, ದೊಡ್ಡ ಕೆಲಸ ನಮ್ಮದೇ. ಆಸ್ತಿ ತೆರಿಗೆ ಜನವರಿ 1ಕ್ಕೆ ಯಾರು ಮಾಲೀಕರೋ ಅವರದು, ಬಿಲ್ ಬರುವುದು ದಸರಾ ಆಸುಪಾಸಿನಲ್ಲಿ. ಅದರಲ್ಲಿ ಸೇರಿರುವ ಕಸದ ತೆರಿಗೆಯನ್ನು ಬಾಡಿಗೆದಾರರಿಂದ ಕೇಳಬಹುದು.

ಸೋರಿಕೆ ಆದರೆ? ಒಂದು ಜೂನ್‌ನಲ್ಲಿ, ಇಲ್ಲಿ ಧಾರಾಕಾರ ಮಳೆ, ಅಲ್ಲಿಂದ ಬಾಡಿಗೆದಾರರ ಮೆಸೇಜ್, ಸ್ನಾನದ ಮನೆಯ ಚಾವಣಿಯಿಂದ ನೀರು ಅಂತ. ಮೊದಲು ತಿಳಿಯಬೇಕಾದ್ದು ನೀರು ಎಲ್ಲಿಂದ ಎಂದು. ಮೇಲಿನ ಮನೆಯ ಒಳಗಿನ ಪೈಪ್ ಆದರೆ ಅವರ ಕಡೆ, ಎಲ್ಲರಿಗೂ ಸೇರಿದ ಉದ್ದ ಪೈಪ್ ಆದರೆ ಸಿಂಡಿಕ್ ಕಡೆ. ಬಾಡಿಗೆದಾರರು ಮತ್ತು ಮೇಲಿನವರು ಕೂತು ಒಂದು ಫಾರಂ ತುಂಬಿ ಸಹಿ ಹಾಕಿ ಐದು ಕೆಲಸದ ದಿನಗಳ ಒಳಗೆ ತಂತಮ್ಮ ವಿಮೆಯವರಿಗೆ ಕಳಿಸಬೇಕು. ಬಾಡಿಗೆಗೆ ಕೊಟ್ಟ ಮಾಲೀಕರಿಗೂ ಹೊಣೆಗಾರಿಕೆಯ ವಿಮೆ ಕಡ್ಡಾಯ, 2014ರ ಕಾನೂನಿನಿಂದ. ವರ್ಷಕ್ಕೆ ದೊಡ್ಡ ಮೊತ್ತ ಏನಲ್ಲ. ನಾನು ಇಲ್ಲಿಂದ ಮಾಡಿದ್ದು ಫೋಟೋ ತರಿಸಿ ಎರಡೂ ಕಡೆಗೆ ಅದೇ ದಿನ ಬರೆದಿದ್ದು ಅಷ್ಟೇ. ಸಾಕಾಯಿತು.

ತೆರಿಗೆ ಎರಡು ಕಡೆ ಹೇಳಿಕೊಳ್ಳಬೇಕು, ಇದನ್ನು ಯಾರೂ ತಪ್ಪಿಸಬೇಡಿ. 1992ರಲ್ಲಿ ಸಹಿಯಾದ ಭಾರತ-ಫ್ರಾನ್ಸ್ ಒಪ್ಪಂದದ ಪ್ರಕಾರ ಸ್ಥಿರಾಸ್ತಿಯ ಆದಾಯಕ್ಕೆ ಆಸ್ತಿ ಇರುವ ದೇಶ ತೆರಿಗೆ ಹಾಕಬಹುದು. ಅಲ್ಲಿ ವಾಸ ಇಲ್ಲದವರಿಗೆ ಕನಿಷ್ಠ ದರ ಶೇಕಡಾ 20, ಒಂದು ಮಿತಿ ದಾಟಿದರೆ 30, ಅದರ ಮೇಲೆ ಸಾಮಾಜಿಕ ಸುಂಕ ಶೇಕಡಾ 17.2. ಒಟ್ಟು ಆದಾಯ ಕಡಿಮೆ ಇದ್ದರೆ ಕಡಿಮೆ ದರ ಕೇಳಲು ಅವಕಾಶ ಇದೆ. ಸಾಮಾನು ಇಲ್ಲದ ಮನೆಯ ಬಾಡಿಗೆ ವರ್ಷಕ್ಕೆ 15,000 ಯೂರೋ ದಾಟದಿದ್ದರೆ ಶೇಕಡಾ 30 ಕಳೆದು ಉಳಿದದ್ದಕ್ಕೆ ತೆರಿಗೆ, ಸುಲಭ. ಆದರೆ ದೊಡ್ಡ ಕೆಲಸ ನಡೆಯುವ ವರ್ಷಕ್ಕೆ ನಿಜವಾದ ಖರ್ಚಿನ ಲೆಕ್ಕ ಕೊಡುವ ಪದ್ಧತಿಯೇ ಲಾಭ, ಅದಕ್ಕೆ ಸೇರಿದರೆ ಮೂರು ವರ್ಷ ಅದರಲ್ಲೇ ಇರಬೇಕು. ಇಲ್ಲಿಗೆ ಬಂದು ಪೂರ್ತಿ ನಿವಾಸಿ ಆದ ಮೇಲೆ ನಮ್ಮ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಮನೆಯನ್ನೂ ಆ ಖಾತೆಯನ್ನೂ ತೋರಿಸಲೇಬೇಕು, ಬಾಡಿಗೆ ಬಾರದಿದ್ದರೂ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ. ತೋರಿಸದೆ ಇದ್ದರೆ 2015ರ ಕಪ್ಪುಹಣ ಕಾನೂನಿನಲ್ಲಿ ದಂಡ 10 ಲಕ್ಷ ರೂಪಾಯಿ. ಮನೆ ಇಟ್ಟುಕೊಳ್ಳುವುದೇ ತಪ್ಪೇನೋ ಎಂದು ಕೆಲವರಿಗೆ ಭಯ, ಅದು ಬೇಡ. ಹೊರಗೆ ವಾಸವಿದ್ದಾಗ ಕೊಂಡ ಆಸ್ತಿಯನ್ನು ವಾಪಸ್ ಬಂದ ಮೇಲೂ ಇಟ್ಟುಕೊಳ್ಳಲು ನಮ್ಮ ವಿದೇಶಿ ವಿನಿಮಯ ಕಾನೂನಾದ ಫೆಮಾದ 6(4)ನೇ ಕಲಂ ಅವಕಾಶ ಕೊಟ್ಟಿದೆ.

ಇಷ್ಟೆಲ್ಲ ತಲೆನೋವು ಯಾಕೆ, ಮಾರಿಬಿಡಬಾರದಾ ಎಂದು ನಮ್ಮ ಮನೆಯಲ್ಲೇ ಕೇಳುತ್ತಾರೆ. ಮಾರಬಹುದು. ಮಾರುವವರು ಕೆಲವು ತಿಳಿದಿರಬೇಕು. ಸಿಂಡಿಕ್ ಕೊಡುವ ಲೆಕ್ಕದ ಪ್ರಮಾಣಪತ್ರಕ್ಕೆ 380 ಯೂರೋಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಕಾಮಗಾರಿ ನಿಧಿಗೆ ಕಟ್ಟಿದ್ದನ್ನು ಸಂಘ ವಾಪಸ್ ಕೊಡುವುದಿಲ್ಲ, ಅದು ಮನೆಯ ಜೊತೆಗೇ ಹೋಗುತ್ತದೆ, ಬೇಕಿದ್ದರೆ ಕೊಳ್ಳುವವರಿಂದ ಮಾತಾಡಿ ಪಡೆಯಬೇಕು. ಯುರೋಪಿನ ಹೊರಗೆ ವಾಸ ಇರುವವರು 1,50,000 ಯೂರೋಗಿಂತ ಜಾಸ್ತಿಗೆ ಮಾರಿದರೆ ಸಾಮಾನ್ಯವಾಗಿ ಅಲ್ಲಿ ಒಬ್ಬ ಮಾನ್ಯತೆ ಪಡೆದ ತೆರಿಗೆ ಪ್ರತಿನಿಧಿಯನ್ನು ಇಡಬೇಕು, ಅವರ ಶುಲ್ಕ ಬೇರೆ. ಈಗಾಗಲೇ ಪಾಸಾದ ಕೆಲಸದ ಕಂತನ್ನು ಕಟ್ಟಬೇಕಾದವರು ಆ ಕಂತು ಬಾಕಿಯಾದ ದಿನ ಯಾರು ಮಾಲೀಕರೋ ಅವರು, ಮಾರಾಟ ಪತ್ರದಲ್ಲಿ ಬೇರೆ ರೀತಿ ಒಪ್ಪಿಕೊಳ್ಳಬಹುದು, ಆದರೆ ಸಿಂಡಿಕ್ ಕೇಳುವುದು ಆ ದಿನದ ಮಾಲೀಕರನ್ನೇ. ನಾವು ಸದ್ಯಕ್ಕೆ ಮಾರುವುದಿಲ್ಲ. ಗೋಡೆಯ ಕೆಲಸಕ್ಕೆ ಹೌದು ಎಂದವರು ನಾವು, ಅದರ ಕಂತು ಮುಗಿಯುವ ತನಕ ಕಟ್ಟುತ್ತೇವೆ. ಮುಂದಿನ ಸಭೆಗೆ ಚಾವಣಿಯ ಕೊಟೇಶನ್ ಬರುತ್ತಿದೆಯಂತೆ, ಎರಡು ಕಂಪನಿಗಳದ್ದು, ಕೌನ್ಸಿಲ್‌ನವರು ಮೂರನೆಯದನ್ನೂ ಕೇಳಿದ್ದಾರೆ. ನೀವೂ ಹೀಗೆ ಯಾವುದಾದರೂ ಊರಲ್ಲಿ ಮನೆ ಇಟ್ಟುಕೊಂಡು ನೋಟಿಸ್ ಬಂದು ಏನು ಮಾಡುವುದೆಂದು ತಿಳಿಯದೆ ಕೂತಿದ್ದರೆ ನನಗೆ ಬರೆಯಿರಿ, ಸಭೆಗೆ ಇನ್ನೂ ಒಂದು ವಾರ ಇರುವಾಗಲೇ ಬರೆಯಿರಿ, ಕೂತು ಒಟ್ಟಿಗೆ ಓದೋಣ.